‘ವಿಶೇಷ ಏನರ ಐತೇನು?’ ಅಂತ ಕೇಳೂಕಿಂತ ಮೊದಲ

ರೋಣ

ಚಿರಂಜೀವಿ ಮೊಮ್ಮಗನಿಗೆ ನಿನ್ನ ಆಯಿಯ ಆಶೀರ್ವಾದಗಳು. ಹಿಂಗಾರಿ ಮಳೆ ಈ ಸಲ ಕೈಬಿಡಲಿಲ್ಲ. ಎರಿ ಹೊಲದಲ್ಲಿ ಕಡಲೆ, ಬಿಳಿಜೋಳ ಚಲೋ ಎದ್ದಿವೆ.

ಸಿಯೋಲ್‌ನಿಂದ ಫೋನ್ ಮಾಡಿದಾಗ ನೀನು ಅಂದೆಯಲ್ಲ, “ಆಯಿ, ಇಲ್ಲಿ ಓಣ್ಯಾಗ ಹುಡುಗೂರ ಸಪ್ಪಳನ ಇಲ್ಲ, ಸಾಲಿ ಮುಚ್ಚಾಕತ್ತಾವ. ಓದಿದ ಹೆಣ್ಣಮಕ್ಕಳು ಕೂಸು ಬ್ಯಾಡ ಅಂದ್ರ ಹಿಂಗ ಆಗತೈತಿ. ನಮ್ಮ ಕಡೆನೂ ಇದ ಬರೂದೈತಿ” ಎಂದು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಫೋನಿನಲ್ಲಿ ಮುಗಿಯುವ ವಿಷಯ ಅಲ್ಲವೆಂದು ಕಾಗದ ಬರೆಯುತ್ತಿದ್ದೇನೆ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳನ್ನು ನರ್ಸಬಾಯಿಯಾಗಿ ತಿರುಗಿದವಳು ನಾನು. ಹೆರಿಗೆ ಮಾಡಿಸಿದ ಕೈ ಇದೇ, ಇನ್ನು ಹೆರಿಗೆ ಸಾಕೆಂದು ಆಪರೇಶನ್ನಿಗೆ ಹೆಸರು ಬರೆದುಕೊಂಡ ಕೈಯೂ ಇದೇ. ನೀನು ಹೇಳಿದ ಲೆಕ್ಕ ಖರೆ. ಕಾರಣ ಮಾತ್ರ ಖರೆ ಅಲ್ಲ ಮಗಾ.

ಒಬ್ಬ ಹೆಣ್ಣುಮಗಳು ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬುದಕ್ಕೆ ನಮ್ಮ ಇಲಾಖೆಯ ಕಾಗದಗಳಲ್ಲಿ ‘ಒಟ್ಟು ಫಲವತ್ತತೆ ದರ’ ಎನ್ನುತ್ತಾರೆ. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕೆಂದರೆ ಅದು 2.1ರ ಆಸುಪಾಸಿನಲ್ಲಿರಬೇಕು. ನೀನಿರುವ ದಕ್ಷಿಣ ಕೊರಿಯಾದಲ್ಲಿ 1970ರಲ್ಲಿ ಅದು 4.5 ಇತ್ತು. 2023ರಲ್ಲಿ 0.72ಕ್ಕೆ ಇಳಿಯಿತು, ಮರುವರ್ಷ ಚೂರು ಏರಿ 0.75 ಆದದ್ದಕ್ಕೇ ಅಲ್ಲಿ ದೊಡ್ಡ ಸುದ್ದಿಯಾಯಿತು. ಒಂದು ಕಾಲಕ್ಕೆ ವರ್ಷಕ್ಕೆ ಹತ್ತು ಲಕ್ಷ ಕೂಸು ಹುಟ್ಟಿದ ದೇಶದಲ್ಲಿ 2024ರಲ್ಲಿ ಎರಡೂವರೆ ಲಕ್ಷವೂ ಹುಟ್ಟಲಿಲ್ಲ.

ಆದರೆ ಅದಕ್ಕೂ ಹಿಂದೆ ಅಲ್ಲಿ ಏನಾಯಿತು ಎಂದು ಯಾರನ್ನಾದರೂ ಕೇಳಿದೆಯಾ? ಗಂಡುಮಗ ಬೇಕೆಂಬ ಹಟ ಅವರಿಗೂ ನಮ್ಮಷ್ಟೇ ಇತ್ತು. ಎರಡೇ ಮಕ್ಕಳು ಸಾಕು ಎಂದು ಸರಕಾರ ಹೇಳಿತು, ಅದೇ ಹೊತ್ತಿಗೆ ಸ್ಕ್ಯಾನಿಂಗ್ ಯಂತ್ರವೂ ಬಂತು. 1990ರಲ್ಲಿ ಅಲ್ಲಿ ನೂರು ಹೆಣ್ಣುಕೂಸಿಗೆ 116.5 ಗಂಡುಕೂಸು ಹುಟ್ಟಿದವು. ಪ್ರಕೃತಿ ತನ್ನಷ್ಟಕ್ಕೆ ತಾನು ಹುಟ್ಟಿಸುವುದು 105ರಷ್ಟು. ಅವರ ಪಂಚಾಂಗದಲ್ಲಿ ಅದು ಬಿಳಿ ಕುದುರೆಯ ವರ್ಷ; ಆ ವರ್ಷದ ಹೆಣ್ಣು ಗಡಸು ಎಂಬ ನಂಬಿಕೆ ಬೇರೆ. ಹುಟ್ಟಲು ಬಿಡದ ಆ ಹೆಣ್ಣುಕೂಸುಗಳು ಬದುಕಿದ್ದರೆ ಈಗ ಮೂವತ್ತೈದರ ಸುತ್ತಮುತ್ತ ಇರುತ್ತಿದ್ದರು. ಅಂದರೆ ಇವತ್ತು ಅಲ್ಲಿ ತಾಯಂದಿರಾಗಬೇಕಿದ್ದವರಲ್ಲಿ ಒಂದಷ್ಟು ಮಂದಿಯನ್ನು ಅವರ ಅಪ್ಪ-ಅವ್ವಂದಿರ ತಲೆಮಾರೇ ಅಳಿಸಿಹಾಕಿತ್ತು. ಇದನ್ನು ಬಿಟ್ಟು ಉಳಿದ ಹುಡುಗಿಯರ ಓದನ್ನು ದೂರಿದರೆ ನ್ಯಾಯವಾಗುವುದಿಲ್ಲ.

ಜಪಾನಿನದೂ ಇಂಥದೇ ಕತೆ. ಅವರ ಪಂಚಾಂಗದಲ್ಲಿ ಬೆಂಕಿ ಕುದುರೆಯ ವರ್ಷ ಎಂದೊಂದಿದೆ. ನಮ್ಮ ಸಂವತ್ಸರಗಳ ಹಾಗೆ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಗಂಡನನ್ನು ನುಂಗುತ್ತಾಳೆಂದು ನಂಬಿಕೆ. 1966ರಲ್ಲಿ, ಅಂದರೆ ನಮ್ಮ ಪರಾಭವ ಸಂವತ್ಸರದಲ್ಲಿ, ಅದು ಬಂದಾಗ ಹಿಂದಿನ ವರ್ಷ 18 ಲಕ್ಷ ದಾಟಿದ್ದ ಹುಟ್ಟುಗಳು 13.6 ಲಕ್ಷಕ್ಕೆ ಬಿದ್ದವು. ಬುಲೆಟ್ ರೈಲು ಓಡಿಸುತ್ತಿದ್ದ ದೇಶ ಅದು! ಮರುವರ್ಷ ಲೆಕ್ಕ ತಿರುಗಿ 19 ಲಕ್ಷಕ್ಕೆ ಏರಿತು. 2026 ಕೂಡ ಅದೇ ಬೆಂಕಿ ಕುದುರೆಯ ವರ್ಷ. ನಮ್ಮಲ್ಲಿ ಮೂಲಾ ನಕ್ಷತ್ರದ ಹುಡುಗಿ ಮಾವನಿಗೆ ಆಗುವುದಿಲ್ಲ ಎಂದು ಜಾತಕ ತಿರುಗಿಸಿ ಕೊಡುವವರನ್ನು ನಾನು ಈಗಲೂ ನೋಡುತ್ತೇನೆ. ಅದೇ ನಕ್ಷತ್ರದಲ್ಲಿ ಹುಟ್ಟಿದ ಹುಡುಗನ ಜಾತಕ ಯಾವ ಮನೆಯಿಂದಲೂ ತಿರುಗಿ ಬಂದದ್ದನ್ನು ಕಾಣೆ.

ಇನ್ನು ನೀನಿರುವ ಊರಿನ ಹೆಣ್ಣುಮಕ್ಕಳ ದಿನ ಹೇಗೆ ಹೋಗುತ್ತದೆ ನೋಡು. ಗಂಡಸಿಗೆ ನೂರು ರೂಪಾಯಿ ಸಂಬಳವಾದರೆ ಅಲ್ಲಿ ಹೆಂಗಸಿಗೆ ಸುಮಾರು ಎಪ್ಪತ್ತು. ಶ್ರೀಮಂತ ದೇಶಗಳ ಸಾಲಿನಲ್ಲಿ ಇಷ್ಟು ದೊಡ್ಡ ಅಂತರ ಬೇರೆ ಕಡೆ ಸಿಗುವುದು ಅಪರೂಪ. ಮನೆಯ ಯಜಮಾನ ಗಂಡಸೇ ಆಗಿರಬೇಕೆಂಬ ಕಾಯ್ದೆ 2008ರವರೆಗೂ ನಡೆದಿತ್ತು. ಚುಸೋಕ್ ಹಬ್ಬಕ್ಕೆ ಗಂಡನ ಮನೆಯ ಹಿರಿಯರಿಗೆ ಎಡೆ ಇಡುವ ಅಡುಗೆ ಸೊಸೆಯದು. ನಮ್ಮ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡುವಾಗ ಒಲೆಯ ಮುಂದೆ ಯಾರು ಬೇಯುತ್ತಾರೆ, ಪಡಸಾಲೆಯಲ್ಲಿ ಯಾರು ಕೂತಿರುತ್ತಾರೆ ಎಂಬುದನ್ನು ನೀನು ಚಿಕ್ಕವನಿದ್ದಾಗಿನಿಂದ ಕಂಡಿದ್ದೀ. ಕೂಸು ಆದ ಮೇಲೆ ನೌಕರಿ ಬಿಟ್ಟವಳಿಗೆ ತಿರುಗಿ ಅಂಥದೇ ನೌಕರಿ ಸಿಗುವುದು ಅಲ್ಲಿ ಕಷ್ಟ. ಆ ಹುಡುಗಿಯರು ಮಕ್ಕಳನ್ನು ದ್ವೇಷಿಸಿ ತೊಟ್ಟಿಲು ಬೇಡ ಎನ್ನುತ್ತಿಲ್ಲ ಮಗಾ. ತೊಟ್ಟಿಲು ಮನೆಗೆ ಬಂದ ದಿನ ತನ್ನ ಬದುಕು ನಿಲ್ಲುತ್ತದೆ, ಗಂಡನ ಬದುಕು ಮೊದಲಿನ ಹಾಗೇ ನಡೆಯುತ್ತದೆ ಎಂಬುದನ್ನು ತಮ್ಮ ತಾಯಂದಿರ ಮನೆಯಲ್ಲೇ ನೋಡಿ ಕಲಿತಿದ್ದಾರೆ.

ಈಗ ನಮ್ಮ ಕಡೆಗೆ ಬರೋಣ. ನೀನು ‘ಬರೂದೈತಿ’ ಅಂದೆ. ಅದು ಬಂದು ಎಷ್ಟೋ ವರ್ಷವಾಯಿತು. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ದರ 2.9ರಷ್ಟಿತ್ತು. 2019-21ರಲ್ಲಿ 1.7. ಇಡೀ ಭಾರತದ್ದು ಆಗ 2.0. ‘ಓದಿದ ಹೆಣ್ಣಮಕ್ಕಳು’ ಎಂಬ ನಿನ್ನ ಮಾತು ಇಲ್ಲಿ ಪೂರ್ತಿ ಕುಸಿಯುತ್ತದೆ. ಸವಡಿ, ಹೊಳೆಆಲೂರು, ಕೊಣ್ಣೂರು, ರಾಜೂರು ಕಡೆಯ ಮನೆಗಳಲ್ಲಿ ನಾನು ಕಂಡ ತಾಯಂದಿರು ಎಂಥವರು? ಏಳನೆಯತ್ತೆಗೋ ಹತ್ತನೆಯತ್ತೆಗೋ ಶಾಲೆ ಬಿಟ್ಟವರು. ಹದಿನೇಳು-ಹದಿನೆಂಟಕ್ಕೆ ಮದುವೆ, ವರ್ಷ ತುಂಬುವುದರೊಳಗೆ ಕುಬಸ, ಇಪ್ಪತ್ತೆರಡರ ಹೊತ್ತಿಗೆ ಎರಡು ಹೆರಿಗೆ, ಆಮೇಲೆ ಆಪರೇಶನ್. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಅದೇ ಸಮೀಕ್ಷೆ ಹೇಳುತ್ತದೆ. ಇವರಿಗೆ ನೌಕರಿಯ ಹುಚ್ಚಿಲ್ಲ, ಬೆಂಗಳೂರಿನ ಗಾಳಿಯೂ ಇಲ್ಲ. ಆದರೂ ಎರಡಕ್ಕೆ ನಿಲ್ಲಿಸಿದರು.

ನಿಲ್ಲಿಸಿದ್ದು ಯಾರ ಮೈಯಲ್ಲಿ ಎಂಬುದು ನನ್ನ ಪ್ರಶ್ನೆ. ಕರ್ನಾಟಕದಲ್ಲಿ ಮದುವೆಯಾದ, ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡಸರ ಆಪರೇಶನ್ನಿನ ಲೆಕ್ಕ ಸೊನ್ನೆಯ ಹತ್ತಿರ. ಗಂಡಸಿನದು ಹೊಟ್ಟೆ ಕೊಯ್ಯುವ ಕೆಲಸವೇ ಅಲ್ಲ, ಸಣ್ಣ ತೂತು ಮಾಡಿ ಮುಗಿಸುತ್ತಾರೆ, ಅದೇ ದಿನ ಮನೆಗೆ ನಡೆದು ಹೋಗಬಹುದು. ಹಿಂದೆ ಹೀಗಿರಲಿಲ್ಲ ನೋಡು. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಶನ್ ಆಯಿತು. ಬಲವಂತ ಮಾಡಿದ್ದು ದೊಡ್ಡ ಅನ್ಯಾಯ. ಗಂಡಸರು ಸಿಟ್ಟಿಗೆದ್ದರು, ಸರಕಾರವೇ ಬಿತ್ತು. ಆಮೇಲೆ ಯಾವ ಸರಕಾರಕ್ಕೂ ಗಂಡಸನ್ನು ಕೇಳುವ ಧೈರ್ಯ ಬರಲಿಲ್ಲ, ಗುರಿ ಪೂರ್ತಿ ಹೆಂಗಸಿನ ಕಡೆ ತಿರುಗಿತು. 1996ರಲ್ಲಿ ಗುರಿ ತೆಗೆದುಹಾಕಿದ ಮೇಲೂ ಆ ರೂಢಿ ಹೋಗಲಿಲ್ಲ. “ನಮ್ಮವ್ರು ಹೊಲದಾಗ ದುಡಿಯಾಂವ್ರು, ಅವ್ರಿಗೆ ಶಕ್ತಿ ಕಡಿಮಿ ಆದ್ರ ಹ್ಯಾಂಗ ಬಾಯಾರ? ನನಗ ಮಾಡ್ರಿ” ಎಂದು ಆ ತಾಯಂದಿರೇ ಮುಂದೆ ಬರುತ್ತಿದ್ದರು. ಶಕ್ತಿ ಕಡಿಮೆಯಾಗುವುದಿಲ್ಲ ಎಂದು ಎಷ್ಟು ಹೇಳಿದರೂ ಗಂಡಂದಿರು ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಹತ್ತಿ ಬಿಡಿಸುವವಳು, ಮೆಣಸಿನಕಾಯಿ ಹರಿಯುವವಳು, ನೀರು ಹೊರುವವಳು ಅವಳೇ. ಅವಳ ಶಕ್ತಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆಗ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಜೊತೆ ಏನು ಬರೆಸುತ್ತಿದ್ದರು ಗೊತ್ತೇನು? ಆರತಿಗೊಬ್ಬ ಮಗಳು, ಕೀರ್ತಿಗೊಬ್ಬ ಮಗ. ಮಕ್ಕಳು ಸಮ ಎಂದು ಹೇಳಬೇಕಾದ ಗೋಡೆಯೇ ಮಗಳ ಕೈಗೆ ಆರತಿ ತಟ್ಟೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿತ್ತು! ಕುಟುಂಬ ಯೋಜನೆಯಲ್ಲಿ ನಮ್ಮ ನಾಡಿಗೆ ದೊಡ್ಡ ಹೆಸರಿದೆ. ಜಗತ್ತಿನಲ್ಲೇ ಮೊದಲ ಸರಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು 1930ರಲ್ಲಿ ತೆರೆದದ್ದು ಮೈಸೂರು ಸಂಸ್ಥಾನ. ಆ ಹೆಮ್ಮೆ ನನಗೂ ಇದೆ. ಎರಡೇ ಹೆರಿಗೆಗೆ ನಿಂತದ್ದರಿಂದ ಎಷ್ಟೋ ತಾಯಂದಿರ ಜೀವ ಉಳಿಯಿತು, ಅದನ್ನು ಕಣ್ಣಾರೆ ಕಂಡವಳು ನಾನು. ಹೆರುವ ಭಾರ ಕಡಿಮೆಯಾಯಿತು. ಹೆತ್ತ ಮೇಲಿನ ಭಾರ ಹಂಚಿಕೆಯಾಗಲಿಲ್ಲ, ಅದು ನನ್ನ ದುಃಖ.

ಗಜೇಂದ್ರಗಡದ ನೇಕಾರರ ಮನೆಗೆ ನಿನ್ನನ್ನು ಕರಕೊಂಡು ಹೋಗಿದ್ದೆ, ನೆನಪಿರಬೇಕು. ಮಗ್ಗದ ಮೇಲೆ ಕೂತವನು ಯಜಮಾನ, ಸೀರೆ ನೇಯುವವನು ಅವನು. ಪಕ್ಕದಲ್ಲಿ ರಾಟಿ ತಿರುಗಿಸಿ ಕಂಡಿಕೆ ಸುತ್ತುವವಳು ಹೆಂಡತಿ. ಅವಳು ಸುತ್ತದಿದ್ದರೆ ಮಗ್ಗ ನಿಂತೇ ಹೋಗುತ್ತದೆ. ಕೂಲಿ ಬರುವುದು ಸೀರೆಗೆ. ಕಂಡಿಕೆಗೆ ಬೇರೆ ಕೂಲಿ ಇಲ್ಲ. ನಡುವೆ ಎದ್ದು ಕೂಸಿಗೆ ಹಾಲೂಡಿಸಿ, ರೊಟ್ಟಿ ಬಡಿದು, ಮತ್ತೆ ರಾಟಿಗೆ ಕೂಡುತ್ತಾಳೆ. ನರಗುಂದದಲ್ಲಿ ಮಹದಾಯಿ ನೀರಿಗಾಗಿ 2015ರಿಂದ ನಡೆದ ಧರಣಿಯಲ್ಲಿ ಹೆಣ್ಣುಮಕ್ಕಳು ಕೊಡ ಹಿಡಿದು ಬಂದು ಕೂತಿದ್ದೂ ಸುಮ್ಮನೆ ಅಲ್ಲ. ನೀರಿನ ಬರ ಮೊದಲು ತಟ್ಟುವುದು ಅವರ ಸೊಂಟಕ್ಕೆ. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2024ರ ಕಾಲ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಮನೆಗೆಲಸಕ್ಕೆ ಕೈಹಚ್ಚಿದ ಗಂಡಸರನ್ನು ಮಾತ್ರ ಹಿಡಿದ ಲೆಕ್ಕ. ಕೈಹಚ್ಚದವರು ಅದರಲ್ಲಿ ಬಂದೇ ಇಲ್ಲ.

ಈಗ ನಮ್ಮ ಓಣಿಯಲ್ಲಿ ಇನ್ನೊಂದು ಗೋಳು ಕೇಳುತ್ತೇನೆ. “ಹತ್ತ ಎಕರೆ ಎರಿ ಐತಿ, ಮನಿ ಐತಿ, ಹುಡುಗಗ ಹೆಣ್ಣ ಸಿಗವಲ್ತು.” 2023ರ ಫೆಬ್ರವರಿಯಲ್ಲಿ ಮಂಡ್ಯ ಸೀಮೆಯ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷದ ಕೊನೆಗೆ ಅದೇ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲವನ್ನು ಬೆಂಗಳೂರು ಪೊಲೀಸರು ಹಿಡಿದರು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದಾಗ ನನಗೆ ಅಂದು ಊಟ ಸೇರಲಿಲ್ಲ. ಹುಟ್ಟಿದ ಹುಡುಗಿಯರಾದರೂ ಯಾಕೆ ಒಕ್ಕಲುತನದ ಮನೆ ಒಲ್ಲೆ ಎನ್ನುತ್ತಾರೆ? ಅವರ ಅವ್ವಂದಿರು ನಸುಕಿನಲ್ಲಿ ಎದ್ದು ಸಗಣಿ ಬಳಿದು, ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಸಂಜೆ ಬಂದು ಮತ್ತೆ ಒಲೆ ಹೊತ್ತಿಸಿದ್ದನ್ನು ನೋಡಿದವರು ಅವರು. ಆ ಹೊಲದ ಉತಾರದಲ್ಲಿ ಅವ್ವನ ಹೆಸರು ಇರಲಿಲ್ಲ. ಕೊರಿಯಾದ ಹಳ್ಳಿಗಳಿಗೂ ಇದೇ ಗತಿ ಬಂದು, ಇಪ್ಪತ್ತು ವರ್ಷದ ಹಿಂದೆಯೇ ಅಲ್ಲಿನ ರೈತರು ವಿಯೆಟ್ನಾಂನಿಂದ ಹೆಣ್ಣು ತರುವ ಪರಿಸ್ಥಿತಿ ಆಗಿತ್ತು.

ಹೊಲದ ಉತಾರದಲ್ಲಿ ಅವ್ವನ ಹೆಸರಿಲ್ಲದ ಇದೇ ಸೀಮೆಯಲ್ಲಿ, ನಮ್ಮ ಸೂಡಿಯ ಶಾಸನಗಳಲ್ಲಿ, ಕಿಸುಕಾಡು ನಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಹೆಸರಿದೆ. ಹನ್ನೊಂದನೆಯ ಶತಮಾನದವಳು. ಕೋಟೆಗೆ ಮುತ್ತಿಗೆ ಹಾಕಿದವಳು. ಅವಳ ಕಾಲದಲ್ಲೂ ಕಂಡಿಕೆ ಸುತ್ತುವವಳ ಸ್ಥಿತಿ ಬೇರೆ ಇತ್ತೆಂದು ನಾನು ಹೇಳಲಾರೆ. ಆದರೂ ಅಲ್ಲಿನ ಜೋಡುಕಳಸದ ಗುಡಿಗೆ ಹೋದಾಗಲೆಲ್ಲ, ಈ ಮಣ್ಣಿನಲ್ಲಿ ಒಬ್ಬ ಹೆಣ್ಣುಮಗಳು ನಾಡು ಆಳಿದ್ದಳು ಎಂಬ ಮಾತು ನನಗೆ ಬಲ ಕೊಡುತ್ತದೆ.

ಹುಟ್ಟು ಯಾಕೆ ಕುಸಿಯುತ್ತದೆ ಎಂಬ ಮಾತಿಗೆ ಮರಳುತ್ತೇನೆ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ಕ್ಲಾಡಿಯಾ ಗೋಲ್ಡಿನ್ ಎಂಬ ವಿದುಷಿಯ ವಿಚಾರವನ್ನು ಬೆಂಗಳೂರಿನಲ್ಲಿರುವ ನಿನ್ನ ಹೆಂಡತಿ ಒಮ್ಮೆ ನನಗೆ ಬಿಡಿಸಿ ಹೇಳಿದ್ದಳು. ಕೊರಿಯಾ, ಜಪಾನ್, ಇಟಲಿಯಂಥ ಕಡೆ ಸಂಪತ್ತು ಒಂದೇ ತಲೆಮಾರಿನಲ್ಲಿ ದಿಢೀರನೆ ಬಂತು. ಹೆಣ್ಣುಮಕ್ಕಳು ಓದಿ ಮುಂದೆ ನಡೆದರು. ಗಂಡಸರು ಮಾತ್ರ ತಮ್ಮ ಅಪ್ಪಂದಿರು ಮನೆಯಲ್ಲಿ ಹೇಗಿದ್ದರೋ ಹಾಗೇ ಇರಬೇಕೆಂದರು. ಆ ತಿಕ್ಕಾಟದಲ್ಲಿ ಹುಟ್ಟು ಕುಸಿಯಿತು ಎನ್ನುತ್ತಾಳಂತೆ ಆಕೆ. ಕೇಳಿದಾಗ ನನಗೆ ನಮ್ಮ ಮನೆಯೇ ಕಣ್ಣಿಗೆ ಕಟ್ಟಿತು. ನಿನ್ನ ಹೆಂಡತಿಯ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದವಳು, ಈ ಹುಡುಗಿ ಇಡೀ ಒಂದು ತಂಡದ ಕೆಲಸ ನೋಡಿಕೊಳ್ಳುತ್ತಾಳೆ. ಅದೇ ಎರಡು ತಲೆಮಾರಿನಲ್ಲಿ ನಮ್ಮ ಮನೆಯ ಗಂಡಸರು ತಾವು ಉಂಡ ತಾಟು ಎತ್ತುವುದಕ್ಕಿಂತ ಎಷ್ಟು ಮುಂದೆ ಬಂದಿದ್ದಾರೆ, ನೀನೇ ಹೇಳು.

ಮನೆಗೆಲಸ ಹಂಚಿಕೊಂಡ ಕೂಡಲೇ ತೊಟ್ಟಿಲು ತುಂಬುತ್ತವೆ ಎಂದು ನಾನು ಹೇಳುವುದಿಲ್ಲ. ಸ್ವೀಡನ್ ದೇಶ 1974ರಲ್ಲೇ ತಂದೆಗೂ ಕೂಸಿನ ರಜೆ ಕೊಟ್ಟಿತು. ಅಲ್ಲಿಯೂ ಈಗ ಹುಟ್ಟು ಕಡಿಮೆಯಾಗಿದೆ, ಆದರೆ ಕೊರಿಯಾದ ಪಾತಾಳಕ್ಕೆ ಇಳಿದಿಲ್ಲ. ಮನೆಯ ಬಾಡಿಗೆ, ಮಕ್ಕಳ ಶಾಲೆಯ ಫೀ, ನೌಕರಿಯ ಭಯ, ಇವೆಲ್ಲ ಕಾರಣಗಳೇ. ನಮ್ಮ ಕಾಯ್ದೆಯಲ್ಲೂ ಕುಂದಿದೆ. 2017ರಿಂದ ತಾಯಿಗೆ 26 ವಾರ ಸಂಬಳದ ರಜೆ ಬಂತು, ಒಳ್ಳೆಯದೇ. ಬಹಳ ಕಡೆ ಅದರ ಸಂಬಳವನ್ನು ಕಂಪನಿಯೇ ಹೊರಬೇಕಾದ್ದರಿಂದ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡುವವರು ಇದ್ದಾರೆ. ಕೇಂದ್ರ ಸರಕಾರದ ನೌಕರನಾದರೆ ತಂದೆಗೆ 15 ದಿನ ರಜೆ ಉಂಟು. ಖಾಸಗಿ ಕಂಪನಿ ತಂದೆಗೆ ರಜೆ ಕೊಡಲೇಬೇಕೆಂಬ ಕಾಯ್ದೆ ಇಲ್ಲ. ಕೂಸು ಹೆಂಗಸೊಬ್ಬಳದೇ ಕೆಲಸ ಎಂದು ಸರಕಾರವೇ ಬರೆದುಕೊಟ್ಟಂತೆ ಆಯಿತಲ್ಲ ಇದು. 2024ರಲ್ಲಿ ಆಂಧ್ರದ ಚಂದ್ರಬಾಬು ನಾಯ್ಡು, ತಮಿಳುನಾಡಿನ ಸ್ಟಾಲಿನ್ ಇಬ್ಬರೂ ಹೆಚ್ಚು ಮಕ್ಕಳ ಮಾತಾಡಿದರು, ಜನಸಂಖ್ಯೆಯ ಲೆಕ್ಕದ ಮೇಲೆ ಲೋಕಸಭೆಯ ಸೀಟು ಕಡಿಮೆಯಾಗುವ ಚಿಂತೆಯೂ ಅದರ ಹಿಂದಿತ್ತು. ಮೊದಲು ಎರಡೇ ಹೆರು ಎಂದರು, ಈಗ ಇನ್ನೂ ಹೆರು ಎನ್ನುತ್ತಾರೆ. ಎರಡು ಸಲವೂ ಮಾತು ಹೊರಟಿದ್ದು ಅವಳ ಹೊಟ್ಟೆಯ ಕಡೆಗೇ. ಕೂಸು ಆಡಿಸಲು ಗಂಡಸಿಗೆ ಎಷ್ಟು ತಿಂಗಳ ರಜೆ ಕೊಡುತ್ತೇವೆ ಎಂದು ಯಾವ ವೇದಿಕೆಯ ಮೇಲೂ ಕೇಳಿದ ನೆನಪಿಲ್ಲ.

ನಮ್ಮ ಬಾಣಂತನದ ರೂಢಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಬಹಳ ವರ್ಷದಿಂದ ನನ್ನನ್ನು ಕೊರೆಯುತ್ತಿದೆ. ಏಳನೆಯ ತಿಂಗಳಿಗೆ ಹುಡುಗಿ ತವರಿಗೆ ಹೋಗುತ್ತಾಳೆ. ಹೆರಿಗೆ ಅಲ್ಲಿ, ಎರೆಯುವುದು ಪೂಸುವುದು ಅಲ್ಲಿ, ಅಂಟಿನುಂಡಿ, ಬೆಚ್ಚನೆಯ ಕೋಣೆ, ಲೋಬಾನದ ಹೊಗೆ. ದಣಿದ ಮೈಗೆ ಅವ್ವನ ಕೈ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಸಿನ ಅಪ್ಪ ಅನ್ನಿಸಿಕೊಂಡವನು ಏನು ಮಾಡುತ್ತಾನೆ? ತೊಟ್ಟಿಲಿಗೆ ಹಾಕುವ ದಿನ ಬೀಗರ ಸಂಗಡ ಬಂದು, ಹೋಳಿಗೆ ಉಂಡು, ಉಂಗುರ ತೊಡಿಸಿ, ಬಸ್ಸು ಹತ್ತುತ್ತಾನೆ. ಐದು ತಿಂಗಳು ತುಂಬಿ ಕೂಸು ಗಂಡನ ಮನೆಗೆ ಬರುವ ಹೊತ್ತಿಗೆ ಅದರ ಅಳುವಿನ ಅರ್ಥ ತಾಯಿಗೆ ಪಾಠವಾಗಿರುತ್ತದೆ, ತಂದೆಗೆ ಒಂದಕ್ಷರವೂ ತಿಳಿದಿರುವುದಿಲ್ಲ. “ನನಗ ಬರೂದಿಲ್ಲ, ನೀನ ಎತ್ಕೊ” ಎನ್ನುತ್ತಾನೆ. ಅಲ್ಲಿಂದ ಹದಿನೈದು ವರ್ಷ ಅದೇ ನಡೆಯುತ್ತದೆ. ಕೂಸಿನ ಕೆಲಸ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ ಮಗಾ. ಚೊಚ್ಚಲ ತಾಯಂದಿರಿಗೆ ಕೂಸನ್ನು ಎದೆಗೆ ಹಿಡಿಯುವುದು ಹೇಗೆಂದು ತೋರಿಸಿಕೊಟ್ಟವಳು ನಾನು, ಅವರಿಗೂ ಗೊತ್ತಿರುತ್ತಿರಲಿಲ್ಲ. ಮೊದಲ ನಲವತ್ತು ದಿನ ಜೊತೆಗಿದ್ದವನು ಕಲಿಯುತ್ತಾನೆ, ಇರದವನು ಕಲಿಯುವುದಿಲ್ಲ, ಇಷ್ಟೇ ಇದರ ಗುಟ್ಟು. ಅದಕ್ಕೇ ನನ್ನ ಆಸೆ: ಮುಂದೆ ನಿಮಗೆ ಕೂಸು ಆಗುವುದಾದರೆ, ಅವಳು ಎಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಾಳೋ ಅಲ್ಲಿ ನೀನೂ ಇರು. ಬೀಗರ ಮನೆಯಲ್ಲಿ ಅಳಿಯ ಹೆಚ್ಚು ದಿನ ಇದ್ದರೆ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ರಾತ್ರಿ ಎರಡಕ್ಕೆ ಎದ್ದು ತೇಗು ಬರಿಸುವುದು, ಬಟ್ಟೆ ಬದಲಿಸುವುದು ನಿನ್ನ ಪಾಲಿಗೆ ಇರಲಿ. ಹಾಲೂಡಿಸುವುದೊಂದು ಬಿಟ್ಟರೆ ಉಳಿದದ್ದೆಲ್ಲ ಗಂಡಸಿನಿಂದ ಆಗುತ್ತದೆ.

ಜಪಾನಿನಲ್ಲಿ ಈಗ ಇದು ಬದಲಾಗುತ್ತಿದೆ. 2022ರಲ್ಲಿ ನೂರು ತಂದೆಯರಲ್ಲಿ 17 ಮಂದಿ ಮಾತ್ರ ಕೂಸಿನ ರಜೆ ಹಾಕಿದ್ದರು, 2024ರ ಲೆಕ್ಕಕ್ಕೆ ಅದು 40 ದಾಟಿತು. ಕೊರಿಯಾದಲ್ಲೂ ಅಂಥ ರಜೆ ಹಾಕಿದವರಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ಗಂಡಸರೇ. ನಿನ್ನ ಸಂಗಡ ಕೆಲಸ ಮಾಡುವವರಲ್ಲಿ ಅಂಥ ತಂದೆಯರಿದ್ದರೆ ಅವರ ಜೊತೆ ಕೂತು ಮಾತಾಡು. ಆ ದೇಶದಿಂದ ನೀನು ನನಗೆ ಬೇರೇನೂ ತರುವುದು ಬೇಡ, ಅವರು ಹೇಳಿದ್ದನ್ನು ಬರೆದುಕೊಂಡು ಬಾ.

ಇಷ್ಟೆಲ್ಲ ಬರೆದದ್ದು ಮರಿಮಗುವಿನ ಆಸೆಗೆ ಎಂದು ತಿಳಿಯಬೇಡ. ಆಸೆ ಇದೆ, ಮುಚ್ಚಿಡುವುದಿಲ್ಲ. ಆದರೆ ನಿರ್ಣಯ ನಿಮ್ಮಿಬ್ಬರದು, ಅದರಲ್ಲಿ ಅವಳ ಮಾತು ಒಂದು ತೂಕ ಹೆಚ್ಚು, ಯಾಕೆಂದರೆ ಮೈ ಅವಳದು. ಫೋನಿನಲ್ಲಿ ಅವಳನ್ನು ಕೇಳು, ಏನು ಬೇಕು, ಯಾವುದಕ್ಕೆ ಅಂಜಿಕೆ ಎಂದು. ಕೇಳಿ ಸುಮ್ಮನಿರು, ನಡುವೆ ಬುದ್ಧಿ ಹೇಳಬೇಡ. ಈಗ ಬೇಡ ಅಂದರೂ ಸರಿ, ಎಂದೂ ಬೇಡ ಅಂದರೂ ಸರಿ, ಈ ಮನೆಯಲ್ಲಿ ಅವಳ ಮಾನ ಒಂದು ಎಳೆಯೂ ಕಡಿಮೆಯಾಗದಂತೆ ನಾನು ನೋಡಿಕೊಳ್ಳುತ್ತೇನೆ. ನಿನ್ನ ಅವ್ವ ವಾರಕ್ಕೊಮ್ಮೆ ಆ ಹುಡುಗಿಗೆ ಫೋನ್ ಮಾಡಿ “ವಿಶೇಷ ಏನರ ಐತೇನು?” ಎಂದು ಕೇಳುತ್ತಿದ್ದಾಳೆಂದು ನನಗೆ ಗೊತ್ತು. ನಾಳೆ ನಿನ್ನ ಅವ್ವನೊಂದಿಗೆ ಮಾತಾಡುತ್ತೇನೆ. ಇನ್ನು ಯಾರಾದರೂ ಕೇಳಬೇಕೆನಿಸಿದರೆ ನಿನ್ನನ್ನು ಕೇಳಲಿ: ಅಡುಗೆ ಎಷ್ಟು ಕಲಿತೆ, ರಜೆ ಎಷ್ಟು ಕೂಡಿಹಾಕಿದೆ ಎಂದು.

ಈ ಕಾಗದವನ್ನು ನಿನ್ನ ಹೆಂಡತಿಗೂ ಓದಿಸು. ಒಂದು ಪ್ರತಿಯನ್ನು ನಾನೇ ಬೆಂಗಳೂರಿಗೆ ಹಾಕುತ್ತಿದ್ದೇನೆ.

ನಿನ್ನ ಆಯಿ